ಜಿಂಕೆ ಜಾಸ್ತಿ ಇದ್ದಲ್ಲಿ ಬೇಟೆಯ ಸವಾಲು ಎಲ್ಲಿದೆ?

ಪ್ರಶ್ನೆ: ನಾನು ಹಾಸನದ ಕಡೆಯವನು. ಈಗ ಟೆಕ್ಸಾಸ್‌ನ ಆಸ್ಟಿನ್‌ನಲ್ಲಿ ಸಾಫ್ಟ್‌ವೇರ್ ಕೆಲಸ. ಹಂಟರ್ ಎಜುಕೇಷನ್ ಕೋರ್ಸ್ ಮುಗಿಸಿ, ಲ್ಯಾನೋ ಹತ್ತಿರದ ಒಂದು ರಾಂಚ್‌ನಲ್ಲಿ (ದೊಡ್ಡ ಖಾಸಗಿ ಜಮೀನು) ಗೆಳೆಯರ ಜೊತೆ ಬೇಟೆ ಲೀಸ್, ಅಂದರೆ ಬಾಡಿಗೆ ಕೊಟ್ಟು ಪಡೆದ ಬೇಟೆಯ ಹಕ್ಕು, ಹಂಚಿಕೊಂಡಿದ್ದೇನೆ. ಬೆಳಗಿನ ಜಾವ ಬ್ಲೈಂಡ್‌ನಲ್ಲಿ (ಬೇಟೆಗಾರ ಅಡಗಿ ಕೂರುವ ಮರೆ) ಕೂರುತ್ತೇವೆ. ನೂರು ಗಜ ದೂರದ ಫೀಡರ್ ಏಳು ಗಂಟೆಗೆ ಮೆಕ್ಕೆಜೋಳ ಎರಚುತ್ತದೆ. ಐದು ನಿಮಿಷದಲ್ಲಿ ಹತ್ತು ಜಿಂಕೆ ಹಾಜರ್. ಎರಡು ವರ್ಷ ಹೀಗೇ ಹೊಡೆದೆ. ಫ್ರೀಜರ್ ತುಂಬಿತು, ಆದರೆ ಬೇಟೆ ಆಡಿದೆ ಅಂತ ಅನ್ನಿಸಲಿಲ್ಲ. ರೈಫಲ್ ಬಿಟ್ಟು ಬಿಲ್ಲು ಹಿಡಿಯಲೇ? ದೊಡ್ಡ ಕೊಂಬಿನ ಗಂಡಿಗೆ ಕಾಯಲೇ? ಅಥವಾ ಇಷ್ಟೊಂದು ಜಿಂಕೆ ಇರುವ ಕಡೆ ಸವಾಲು ಹುಡುಕುವುದೇ ದಡ್ಡತನವೇ?

ಉತ್ತರ: ದಡ್ಡತನ ಅಲ್ಲ. ಲೀಸ್‌ನಲ್ಲಿ ಬೇಟೆ ಶುರು ಮಾಡಿದವರಲ್ಲಿ ಎಷ್ಟೋ ಜನ ಎರಡು ಮೂರು ವರ್ಷಕ್ಕೆ ಇದೇ ಪ್ರಶ್ನೆ ಹಿಡಿದು ಬರುತ್ತಾರೆ. ಬರದೇ ಇರುವವರು ಒಂದೋ ಮಾಂಸಕ್ಕಷ್ಟೇ ಹೋಗುವವರು (ಅದರಲ್ಲಿ ಏನೂ ತಪ್ಪಿಲ್ಲ), ಇಲ್ಲವೇ ಬೇಜಾರಾಗಿ ಲೀಸ್ ಬಿಟ್ಟವರು.

ಮೊದಲು ಇಷ್ಟು ಜಿಂಕೆ ಯಾಕಿವೆ ಅಂತ ನೋಡೋಣ. ಟೆಕ್ಸಾಸ್‌ನಲ್ಲಿ ಸುಮಾರು ಐವತ್ತು ಲಕ್ಷ ವೈಟ್‌ಟೇಲ್ (ಬಿಳಿ ಬಾಲದ) ಜಿಂಕೆಗಳಿವೆ. ಅಮೆರಿಕದ ಇನ್ಯಾವ ರಾಜ್ಯದಲ್ಲೂ ಇಷ್ಟಿಲ್ಲ. ಅದರಲ್ಲೂ ನೀವು ಹೋಗುವ ಗುಡ್ಡಗಾಡು ಪ್ರದೇಶವಾದ ಹಿಲ್ ಕಂಟ್ರಿಯಲ್ಲಿ ಅವು ಅತಿ ದಟ್ಟ. ಲ್ಯಾನೋ ಊರು ತನ್ನನ್ನು ಟೆಕ್ಸಾಸ್‌ನ ಜಿಂಕೆ ರಾಜಧಾನಿ ಅಂತಲೇ ಕರೆದುಕೊಳ್ಳುತ್ತದೆ. ತೋಳಗಳನ್ನು ಜನ ಮುಗಿಸಿ ತುಂಬಾ ಕಾಲವಾಯಿತು. ಅದಕ್ಕಿಂತ ದೊಡ್ಡ ಕಾರಣ ಒಂದು ನೊಣ. ಸ್ಕ್ರೂವರ್ಮ್ ಅನ್ನುವ ಈ ನೊಣದ ಹುಳು ಬದುಕಿರುವ ಪ್ರಾಣಿಯ ಗಾಯದಲ್ಲಿ ಮಾಂಸ ತಿನ್ನುತ್ತಿತ್ತು. ಆಗ ತಾನೇ ಹುಟ್ಟಿದ ಮರಿಯ ಹೊಕ್ಕುಳಲ್ಲೇ ಸೇರಿಕೊಂಡು ಸಾಯಿಸುತ್ತಿತ್ತು. 1960ರ ದಶಕದಲ್ಲಿ, ವಿಕಿರಣದಿಂದ ಬಂಜೆ ಮಾಡಿದ ನೊಣಗಳನ್ನು ವಿಮಾನದಿಂದ ಬಿಟ್ಟು ಅದನ್ನು ಹತೋಟಿಗೆ ತಂದರು. ದನ ಉಳಿಸಲು ಮಾಡಿದ ಕೆಲಸ ಅದು. ಜೊತೆಗೆ ಜಿಂಕೆ ಮರಿಗಳೂ ಉಳಿದವು, ಸಂಖ್ಯೆ ಏರಿತು.

ಏರಿದ್ದರ ಪರಿಣಾಮ ನಿಮ್ಮ ಲೀಸ್‌ನಲ್ಲೇ ಕಾಣಬಹುದು. ಮರಗಳ ಕೆಳಗಿನ ಎಲೆ ಒಂದೇ ಮಟ್ಟದಲ್ಲಿ, ಜಿಂಕೆಯ ಬಾಯಿ ಎಟುಕುವಷ್ಟು ಎತ್ತರದವರೆಗೆ ಬೋಳಾಗಿದೆಯೇ ನೋಡಿ. ಓಕ್ ಸಸಿಗಳು ಮೊಣಕಾಲೆತ್ತರ ದಾಟುತ್ತಿವೆಯೇ ನೋಡಿ. ದಾಟದಿದ್ದರೆ ಅಲ್ಲಿ ಮೇವಿಗಿಂತ ಬಾಯಿ ಜಾಸ್ತಿ. ಅಂಥ ಕಡೆ ಹೆಣ್ಣು ಜಿಂಕೆಗಳನ್ನು ಹೊಡೆಯುವುದು ನೆಲಕ್ಕೂ ಜಿಂಕೆಗೂ ಬೇಕಾದ ಕೆಲಸ. ಆದ್ದರಿಂದ ಫೀಡರ್ ಮುಂದೆ ಕೂತು ಹೊಡೆದದ್ದಕ್ಕೆ ನಾಚಿಕೆ ಪಡಬೇಡಿ. ಖಾಸಗಿ ಜಮೀನಿನಲ್ಲಿ ಮೇವಿಟ್ಟು ಹೊಡೆಯುವುದು ಇಲ್ಲಿ ಕಾನೂನಿಗೆ ವಿರುದ್ಧವೂ ಅಲ್ಲ. ಲೀಸ್‌ನಿಂದ ಇಂತಿಷ್ಟು ಹೆಣ್ಣು ಕಡಿಮೆಯಾಗಬೇಕು ಅಂತ ರಾಂಚ್ ಮಾಲೀಕರು ಹೇಳಿದ್ದರೆ ಅದನ್ನು ಬ್ಲೈಂಡ್‌ನಿಂದಲೇ ಮುಗಿಸಿಬಿಡಿ. ಉಳಿದ ದಿನಗಳು ನಿಮ್ಮವು.

ಆ ಉಳಿದ ದಿನಗಳಲ್ಲಿ ಏನು ಮಾಡಬೇಕು ಅನ್ನುವುದಕ್ಕೆ ನನ್ನದು ಒಂದೇ ನಿಯಮ. ಕಷ್ಟವೆಲ್ಲ ಗುಂಡು ಹಾರಿಸುವುದಕ್ಕಿಂತ ಮೊದಲೇ ಇರಬೇಕು. ಗುಂಡು ಹಾರಿಸುವ ಗಳಿಗೆ ಮಾತ್ರ ಎಷ್ಟು ಸುಲಭವಾಗಿದ್ದರೆ ಅಷ್ಟು ಒಳ್ಳೆಯದು. ಸವಾಲು ಬೇಕು ಅಂದ ಕೂಡಲೇ ಹೆಚ್ಚಿನವರು ಆಯುಧ ಬದಲಾಯಿಸುತ್ತಾರೆ, ಇಲ್ಲವೇ ನಾನೂರು ಗಜದಿಂದ ಹೊಡೆಯುವ ಸಾಹಸಕ್ಕೆ ಇಳಿಯುತ್ತಾರೆ. ಎರಡರಲ್ಲೂ ತಪ್ಪಿದರೆ ಅನುಭವಿಸುವುದು ಜಿಂಕೆ. ಹೊಟ್ಟೆಗೆ ಏಟು ಬಿದ್ದ ಜಿಂಕೆ ಗಂಟೆಗಟ್ಟಲೆ ನರಳಿ ಸಾಯುತ್ತದೆ. ನೀವು ಮಾತ್ರ ಸಂಜೆ ಮನೆಗೆ ಬಂದು ಊಟ ಮಾಡುತ್ತೀರಿ. ಸವಾಲು ನಿಮ್ಮದು ಅಂದಮೇಲೆ ಸೋಲಿನ ಬೆಲೆಯೂ ನಿಮ್ಮದೇ ಆಗಬೇಕು, ಅಲ್ವಾ? ಬರಿಗೈಲಿ ಬರುವುದು ನಿಮ್ಮ ಸೋಲು. ಗಾಯಗೊಂಡು ಓಡುವುದು ಅದರ ಪಾಡು. ನಿಮ್ಮ ಆಟವನ್ನು ಮೊದಲನೆಯದರೊಳಗೇ ಇಟ್ಟುಕೊಳ್ಳಿ.

ಹಾಗಾಗಿ ಈ ವರ್ಷ ರೈಫಲ್ ಬಿಡಬೇಡಿ. ಅದೇ ರೈಫಲ್, ಅದೇ ಸ್ಕೋಪ್ ಇರಲಿ. ಬಿಡಬೇಕಾದದ್ದು ಫೀಡರ್ ಮತ್ತು ದೂರ. ಐವತ್ತು ಗಜದೊಳಗೆ ಬಾರದ ಜಿಂಕೆಗೆ ಗುರಿ ಇಡುವುದಿಲ್ಲ ಅಂತ ನಿಮಗೆ ನೀವೇ ಗೆರೆ ಹಾಕಿಕೊಳ್ಳಿ. ನೂರು ಗಜದಿಂದ ಹೊಡೆಯಬಲ್ಲವನು ಐವತ್ತರಲ್ಲಿ ತಪ್ಪುವುದು ಅಪರೂಪ. ಆದರೆ ನೂರು ಗಜದಲ್ಲಿರುವ ಜಿಂಕೆಯ ಐವತ್ತು ಗಜದೊಳಗೆ ಹೋಗಿ ನೋಡಿ. ಬೇಟೆ ಅಂದರೆ ಏನು ಅಂತ ಅಲ್ಲಿ ಗೊತ್ತಾಗುತ್ತದೆ.

ಫೀಡರ್ ನಿಮ್ಮಿಂದ ಕಿತ್ತುಕೊಂಡದ್ದು ಹುಡುಕಾಟವನ್ನು. ಜಿಂಕೆ ಎಲ್ಲಿ, ಯಾವಾಗ, ಯಾಕೆ ಬರುತ್ತದೆ ಅನ್ನುವ ಮೂರೂ ಪ್ರಶ್ನೆಗೆ ಟೈಮರ್ ಉತ್ತರ ಕೊಟ್ಟುಬಿಟ್ಟಿದೆ. ನಿಮಗೆ ಉಳಿದದ್ದು ಟ್ರಿಗರ್ ಎಳೆಯುವುದು ಮಾತ್ರ. ಅದೂ ಎಲ್ಲ ಜಿಂಕೆಗಳಿಗೆ ಅಲ್ಲ. ವಯಸ್ಸಾದವು ಫೀಡರ್ ಪಾಠವನ್ನು ಚೆನ್ನಾಗಿ ಕಲಿತಿರುತ್ತವೆ. ಟ್ರೈಲ್ ಕ್ಯಾಮೆರಾ (ಪ್ರಾಣಿ ಅಲುಗಿದರೆ ತಾನೇ ಫೋಟೋ ತೆಗೆಯುವುದು) ಹಾಕಿ ನೋಡಿ, ಹಗಲಲ್ಲಿ ಮುಖ ತೋರಿಸದ ಗಂಡು ರಾತ್ರಿ ಬಂದು ಉಳಿದ ಕಾಳು ತಿಂದು ಹೋಗಿರುತ್ತದೆ. ಇನ್ನು ಓಕ್ ಕಾಯಿ ಚೆನ್ನಾಗಿ ಉದುರಿದ ವರ್ಷವಂತೂ ಮೆಕ್ಕೆಜೋಳವನ್ನು ಕೇಳುವವರೇ ಇಲ್ಲ. 'ಈ ವರ್ಷ ಜಿಂಕೆಯೇ ಇಲ್ಲ' ಅಂತ ಬ್ಲೈಂಡ್‌ನಲ್ಲಿ ಕೂತವರು ಗೊಣಗುತ್ತಿರುತ್ತಾರೆ. ಜಿಂಕೆ ಮುನ್ನೂರು ಗಜ ಆಚೆ ಲೈವ್ ಓಕ್ ಕೆಳಗೆ ಹೊಟ್ಟೆ ತುಂಬಿಸಿಕೊಳ್ಳುತ್ತಿರುತ್ತವೆ.

ಹಾಗಾದರೆ ಹುಡುಕಾಟ ಎಲ್ಲಿಂದ ಶುರು? ಫೆಬ್ರವರಿಯಿಂದ. ಬೇಟೆಯ ಕಾಲ ಮುಗಿದ ಮೇಲೆ ಲೀಸ್ ಪೂರ್ತಿ ನಡೆಯಿರಿ. ಆಗ ಜಿಂಕೆ ಬೆದರಿದರೂ ನಷ್ಟವಿಲ್ಲ. ಹಿಂದಿನ ಚಳಿಗಾಲದ ಜಾಡುಗಳು ಇನ್ನೂ ಅಳಿಸಿರುವುದಿಲ್ಲ. ಬೇಲಿಯ ಕೆಳಗೆ ನುಸುಳುವ ಜಾಗದಲ್ಲಿ ತಂತಿಗೆ ಕೂದಲು ಸಿಕ್ಕಿಕೊಂಡಿರುತ್ತದೆ. ಗಂಡು ಕೊಂಬು ಉಜ್ಜಿದ ಜುನಿಪರ್ ಕಾಂಡ ಸಿಪ್ಪೆ ಸುಲಿದು ಕೆಂಪಗೆ ಕಾಣುತ್ತದೆ. ಗೊರಸಿನಿಂದ ಕೆರೆದು ಮೂತ್ರ ಹಾಕಿದ ನೆಲ, ಅದರ ಮೇಲೇ ಬಾಗಿದ, ಜಿಂಕೆ ಕಚ್ಚಿದ ಒಂದು ಕೊಂಬೆ. ಹಿಕ್ಕೆ ಎಲ್ಲಿ ರಾಶಿ ಬಿದ್ದಿದೆ, ಎಲ್ಲಿ ಚೆದುರಿದೆ ಅಂತಲೂ ನೋಡಿ. ಮೇಯುತ್ತಾ ಸಾಗುವ ಜಿಂಕೆ ಅಲ್ಲಲ್ಲಿ ಹಾಕುತ್ತದೆ. ಮಲಗುವ ಜಾಗದ ಅಕ್ಕಪಕ್ಕ ಒಂದೇ ಕಡೆ ಜಾಸ್ತಿ ಸಿಗುತ್ತದೆ.

ಮಲಗುವ ಜಾಗ ಸಿಕ್ಕರೆ ಅರ್ಧ ಪಾಠ ಸಿಕ್ಕಿದ ಹಾಗೆ. ಜಿಂಕೆ ಮೆಲುಕು ಹಾಕುವ ಪ್ರಾಣಿ. ಬೇಗ ಬೇಗ ಮೇದು, ಸುರಕ್ಷಿತ ಅನ್ನಿಸಿದ ಕಡೆ ಮಲಗಿ ಅಗಿಯುತ್ತದೆ. ಹಿಲ್ ಕಂಟ್ರಿಯಲ್ಲಿ ಅದು ಸಾಮಾನ್ಯವಾಗಿ ಗುಡ್ಡದ ನೆತ್ತಿಗಿಂತ ಸ್ವಲ್ಪ ಕೆಳಗೆ, ಜುನಿಪರ್ ಮರೆಯಲ್ಲಿ. ಬೆನ್ನ ಹಿಂದಿನಿಂದ ಗಾಳಿ ಬರುವಂತೆ, ಮುಂದೆ ಇಳಿಜಾರು ಕಾಣುವಂತೆ ಮಲಗಿರುತ್ತದೆ. ಹಿಂದಿನದನ್ನು ಮೂಗು ಕಾಯುತ್ತದೆ, ಮುಂದಿನದನ್ನು ಕಣ್ಣು ಕಾಯುತ್ತದೆ. ಆ ಜಾಗಕ್ಕೂ ಓಕ್ ಮರಗಳಿಗೂ ನಡುವೆ ಎಲ್ಲಿ ಕೂತರೆ ನಿಮ್ಮ ವಾಸನೆ ಅದಕ್ಕೆ ಹೋಗುವುದಿಲ್ಲ ಅನ್ನುವುದೇ ನಿಮ್ಮ ಲೆಕ್ಕ. ಮಲೆನಾಡಿನ ಹಳೆಯ ಷಿಕಾರಿಗಳು ಮರಸು (ಬೇಟೆಗೆ ಮರೆಯಲ್ಲಿ ಕಾದು) ಕೂರುವಾಗ ಹಾಕುತ್ತಿದ್ದದ್ದೂ ಇದೇ ಲೆಕ್ಕ. ನಿಮ್ಮ ಅಜ್ಜನ ಕಾಲದವರು ಯಾರಾದರೂ ಉಳಿದಿದ್ದರೆ ಫೋನ್ ಮಾಡಿ ಕೇಳಿ, ಬೇಟೆಗಿಂತ ಕಥೆ ಜಾಸ್ತಿ ಸಿಗುತ್ತದೆ.

ಗಾಳಿಯ ಬಗ್ಗೆ ಇನ್ನೂ ಸ್ವಲ್ಪ ಹೇಳಬೇಕು. ಇಲ್ಲಿ ಸಾಮಾನ್ಯವಾಗಿ ಗಾಳಿ ದಕ್ಷಿಣ, ಆಗ್ನೇಯದಿಂದ. ಚಳಿಯ ಅಲೆ ಬಂದ ದಿನ ಒಮ್ಮೆಲೇ ಉತ್ತರದಿಂದ ಬೀಸತೊಡಗುತ್ತದೆ. ಇಷ್ಟು ಫೋನಿನಲ್ಲೂ ಕಾಣುತ್ತದೆ. ಫೋನು ಹೇಳದೇ ಇರುವುದು ಗುಡ್ಡದ ಒಳಗಾಳಿ. ಬೆಳಿಗ್ಗೆ ತಣ್ಣನೆಯ ಗಾಳಿ ಇಳಿಜಾರಿನ ಕೆಳಕ್ಕೆ ಜಾರುತ್ತದೆ. ಬಿಸಿಲು ಬಿದ್ದ ಮೇಲೆ ಮೇಲಕ್ಕೆ ಏರುತ್ತದೆ. ಅಂದರೆ ಆರೂವರೆಗೆ ಸರಿಯಾಗಿದ್ದ ಜಾಗ ಒಂಬತ್ತಕ್ಕೆ ಕೆಟ್ಟಿರುತ್ತದೆ. ಒಂದು ಸಣ್ಣ ಡಬ್ಬಿಯಲ್ಲಿ ನುಣ್ಣನೆ ಪುಡಿ ಇಟ್ಟುಕೊಂಡು ಆಗಾಗ ಹಾರಿಸಿ ನೋಡಿ. ವಾಸನೆ ಮುಚ್ಚುವ ಸ್ಪ್ರೇ, ದುಬಾರಿ ಬಟ್ಟೆಗಳಿಗೆ ದುಡ್ಡು ಸುರಿಯಬೇಡಿ. ಜಿಂಕೆಯ ಮೂಗಿಗೆ ಅವು ಸಾಲುವುದಿಲ್ಲ.

ಈಗ ಯಾವ ಜಿಂಕೆ ಅನ್ನುವ ಪ್ರಶ್ನೆ. ದೊಡ್ಡ ಕೊಂಬು ಅಂದಿರಿ. ನನಗೆ ಅದರಲ್ಲಿ ಅಂಥ ಆಸಕ್ತಿ ಇಲ್ಲ, ಕಾರಣ ಹೇಳುತ್ತೇನೆ. ಕೊಂಬನ್ನು ಇಂಚಿನಲ್ಲಿ ಅಳೆಯುವ ಪದ್ಧತಿ ಇಲ್ಲಿ ಹಳೆಯದು. 1887ರಲ್ಲಿ ಥಿಯೊಡೋರ್ ರೂಸ್‌ವೆಲ್ಟ್ ಮತ್ತು ಗೆಳೆಯರು ಕಟ್ಟಿದ ಬೂನ್ ಅಂಡ್ ಕ್ರಾಕೆಟ್ ಕ್ಲಬ್ಬಿನ ದಾಖಲೆ ಪುಸ್ತಕ ಸೇರಬೇಕೆಂದರೆ ಎಷ್ಟು ಇಂಚು ಬೇಕು ಅಂತ ಬಾಯಿಪಾಠ ಒಪ್ಪಿಸುವವರು ನಿಮ್ಮ ಲೀಸ್‌ನಲ್ಲೂ ಇರುತ್ತಾರೆ. ಪ್ರಾಣಿಗೆ ತಪ್ಪಿಸಿಕೊಳ್ಳುವ ನ್ಯಾಯವಾದ ಅವಕಾಶ ಇರಬೇಕು ಅಂತ ಪಟ್ಟು ಹಿಡಿದದ್ದೂ ಅದೇ ಕ್ಲಬ್ಬು, ಅದು ಒಳ್ಳೆಯ ಕೆಲಸ. ಆದರೆ ಟೆಕ್ಸಾಸ್‌ನಲ್ಲಿ ದೊಡ್ಡ ಕೊಂಬು ದುಡ್ಡಿಗೆ ಸಿಗುವ ವಸ್ತು. ಎಂಟು ಅಡಿ ಬೇಲಿಯೊಳಗೆ, ತಳಿ ಆರಿಸಿ, ಪ್ರೋಟೀನ್ ಉಂಡೆ ತಿನ್ನಿಸಿ ಬೆಳೆಸಿದ ಗಂಡಿಗೆ ಇಂಚಿನ ಲೆಕ್ಕದಲ್ಲಿ ಬೆಲೆ ಕಟ್ಟುವ ರಾಂಚ್‌ಗಳಿವೆ. ಕಾರ್ಡ್ ಉಜ್ಜಿದರೆ ಸಿಗುವುದನ್ನು ಸವಾಲು ಅನ್ನುವುದು ಹೇಗೆ? ಅದೂ ಅಲ್ಲದೆ ಹಿಲ್ ಕಂಟ್ರಿಯ ಜಿಂಕೆ ಮೈಯಲ್ಲೂ ಸಣ್ಣದು, ಕೊಂಬಲ್ಲೂ ಸಣ್ಣದು. ಒತ್ತೊತ್ತಾಗಿ ಇದ್ದು ಅರೆಹೊಟ್ಟೆ ಉಂಡರೆ ಆಗುವುದೇ ಅದು.

ನನ್ನ ಸಲಹೆ ಬೇರೆ. ಲೀಸ್‌ನಲ್ಲಿರುವ ಅತಿ ಹಳೆಯ ಹೆಣ್ಣು ಜಿಂಕೆಯ ಬೆನ್ನು ಹತ್ತಿ.

ನಗಬೇಡಿ. ಗಂಡು ಎಷ್ಟೇ ಜಾಣನಿದ್ದರೂ ನವೆಂಬರ್‌ನಲ್ಲಿ ಬೆದೆಗೆ ಬಂದ ಹೆಣ್ಣಿನ ಹಿಂದೆ ಹಗಲಲ್ಲೇ ಮೂಗು ನೆಲಕ್ಕಿಟ್ಟು ಓಡುತ್ತಾನೆ. ಹಳೆಯ ಹೆಣ್ಣಿಗೆ ಅಂಥ ಮರೆವಿನ ವಾರವೇ ಇಲ್ಲ. ಅವಳು ಹಿಂಡಿನ ಹಿರಿಯಳು. ಮಗಳು, ಮೊಮ್ಮಗಳು ಎಲ್ಲರೂ ಜೊತೆಗಿರುತ್ತಾರೆ. ಒಬ್ಬಳ ಕಣ್ಣು ತಪ್ಪಿಸಿದರೂ ಇನ್ನೊಬ್ಬಳು ನೋಡುತ್ತಾಳೆ. ಉದ್ದ ಮುಖ, ಜೋತ ಹೊಟ್ಟೆ ನೋಡಿದರೆ ಅವಳನ್ನು ಗುರುತಿಸಬಹುದು. ಅನುಮಾನ ಬಂದರೆ ಮುಂಗಾಲಿನಿಂದ ನೆಲ ಒದೆಯುತ್ತಾಳೆ. ಆಮೇಲೆ ಒಂದು ನಾಟಕ. ತಲೆ ತಗ್ಗಿಸಿ ಮೇಯುವ ಹಾಗೆ ಮಾಡಿ, ಥಟ್ಟನೆ ಎತ್ತಿ ನಿಮ್ಮ ಕಡೆಗೇ ನೋಡುತ್ತಾಳೆ. ನೀವು ಆ ಗಳಿಗೆಯಲ್ಲಿ ಅಲುಗಿದ್ದರೆ ಮುಗಿಯಿತು. ಮೂಗಿನಿಂದ ಜೋರಾಗಿ ಊದಿ, ಬಿಳಿ ಬಾಲ ಎತ್ತಿ, ಇಡೀ ಕಣಿವೆಗೆ ಸುದ್ದಿ ಮುಟ್ಟಿಸಿ ಹೋಗುತ್ತಾಳೆ. ಇಂಥ ಒಬ್ಬಳನ್ನು ಗೊತ್ತು ಮಾಡಿಕೊಂಡು, ಉಳಿದವರನ್ನೆಲ್ಲ ಬಿಟ್ಟು, ಫೀಡರ್ ಇಲ್ಲದ ಕಡೆ ಐವತ್ತು ಗಜದೊಳಗೆ ಪಡೆಯಲು ನೋಡಿ. ಎರಡು ವರ್ಷ ಹಿಡಿದರೂ ಆಶ್ಚರ್ಯವಿಲ್ಲ. ಗೋಡೆಗೆ ಹಾಕಲು ಏನೂ ಸಿಗುವುದಿಲ್ಲ, ಲೀಸ್‌ನ ಗೆಳೆಯರು ಚಪ್ಪಾಳೆಯನ್ನೂ ತಟ್ಟುವುದಿಲ್ಲ. ನಿಮಗೆ ಬೇಕಾಗಿದ್ದದ್ದು ನಿಮ್ಮದೇ ಸವಾಲು ತಾನೇ?

ಒಂದು ಎಚ್ಚರ: ಇನ್ನೂ ಚುಕ್ಕೆ ಮಾಸದ ಮರಿ ಜೊತೆಯಲ್ಲಿದ್ದರೆ ಬಿಟ್ಟುಬಿಡಿ. ನವೆಂಬರ್ ಹೊತ್ತಿಗೆ ಹೆಚ್ಚಿನ ಮರಿಗಳು ಸ್ವಂತ ಮೇವಿನ ಮೇಲೆ ಬದುಕುವಷ್ಟು ಬೆಳೆದಿರುತ್ತವೆ, ಆದರೂ ನೋಡಿಕೊಂಡು ಹೊಡೆಯಿರಿ.

ನೆಲದ ಮೇಲೆ ನಡೆದು ಬೇಟೆಯಾಡುವುದಾದರೆ ಮೊದಲು ಗೆಳೆಯರಿಗೆ ನೀವು ಎಲ್ಲಿರುತ್ತೀರಿ ಅಂತ ನಕ್ಷೆಯಲ್ಲಿ ತೋರಿಸಿ. ಖಾಸಗಿ ಜಮೀನಿನಲ್ಲಿ ಕಿತ್ತಳೆ ಬಣ್ಣದ ಅಂಗಿ ಕಡ್ಡಾಯ ಅಲ್ಲ, ಆದರೂ ಹಾಕಿ. ಜಿಂಕೆಗೆ ಕೆಂಪು, ಕಿತ್ತಳೆ ಬೇರೆಯಾಗಿ ಕಾಣುವುದಿಲ್ಲ. ಅದಕ್ಕೆ ಚೆನ್ನಾಗಿ ಕಾಣುವುದು ನೀಲಿ. ಹಾಗಾಗಿ ಬಿಡಬೇಕಾದದ್ದು ನೀಲಿ ಜೀನ್ಸ್. ನಾಲ್ಕು ಹೆಜ್ಜೆ ಇಟ್ಟು, ಹತ್ತು ನಿಮಿಷ ನಿಂತು ನೋಡಿ. ಇಡೀ ಜಿಂಕೆಯನ್ನು ಹುಡುಕಬೇಡಿ, ಕಾಣುವುದಿಲ್ಲ. ಪೊದೆಯೊಳಗೆ ಅಡ್ಡ ಗೆರೆ ಹುಡುಕಿ. ಕಾಡಿನಲ್ಲಿ ಗಿಡಗಳೆಲ್ಲ ಉದ್ದಕ್ಕೆ ನಿಂತಿರುತ್ತವೆ, ಜಿಂಕೆಯ ಬೆನ್ನು ಅಡ್ಡಕ್ಕಿರುತ್ತದೆ. ಕಿವಿಯ ಅಲುಗಾಟ, ಮೂಗಿನ ಹೊಳಪು, ಅಷ್ಟೇ ಸಿಗುವುದು. ಬೆಚ್ಚಗಿನ ದಿನ ಕಲ್ಲು ಸಂದಿಗೆ ಕೈ ಹಾಕುವ ಮುಂಚೆ ಬುಡುಬುಡಿಕೆ ಹಾವಿನ (ರ‍್ಯಾಟಲ್‌ಸ್ನೇಕ್) ನೆನಪಿರಲಿ.

ಬಿಲ್ಲಿನ ವಿಷಯಕ್ಕೆ ಬರುತ್ತೇನೆ. ಬಿಲ್ಲು ಬೇಡ ಅನ್ನುವುದಿಲ್ಲ. ಇಪ್ಪತ್ತು ಗಜದೊಳಗೆ ಹೋಗಲೇಬೇಕು ಅನ್ನುವ ಶಿಸ್ತು ಅದರಲ್ಲೇ ಇದೆ. ಆದರೆ ಬಾಣ ಕೊಲ್ಲುವುದು ರಕ್ತ ಹರಿಸಿ, ಗುಂಡಿನ ಹಾಗೆ ಹೊಡೆತದಿಂದಲ್ಲ. ಪುಪ್ಪುಸಕ್ಕೆ ಬಿದ್ದರೆ ಜಿಂಕೆ ಕೆಲವೇ ಸೆಕೆಂಡುಗಳಲ್ಲಿ ಬೀಳುತ್ತದೆ. ಒಂದು ಗೇಣು ಹಿಂದೆ ಬಿದ್ದರೆ ರಾತ್ರಿಯಿಡೀ ಹುಡುಕಾಟ. ಇನ್ನೊಂದು ತೊಡಕು, ಬಿಲ್ಲಿನ ಸದ್ದು ಬಾಣಕ್ಕಿಂತ ಎಷ್ಟೋ ವೇಗ. ಇಪ್ಪತ್ತು ಗಜ ಮುಟ್ಟಲು ಬಾಣಕ್ಕೆ ಸುಮಾರು ಕಾಲು ಸೆಕೆಂಡು ಬೇಕು. ಅಷ್ಟರಲ್ಲಿ ಸದ್ದು ಕೇಳಿದ ಜಿಂಕೆ ನೆಗೆಯಲು ಮೈ ಕುಗ್ಗಿಸಿರುತ್ತದೆ, ಬಾಣ ಬೆನ್ನ ಮೇಲೆ ಹೋಗುತ್ತದೆ. ತಲೆ ಎತ್ತಿ ನಿಂತ ಜಿಂಕೆಗೆ ಬಾಣ ಬಿಡಲೇಬಾರದು. ಟೆಕ್ಸಾಸ್‌ನಲ್ಲಿ ಗಾಯಗೊಂಡ ಜಿಂಕೆ ಪಕ್ಕದ ರಾಂಚ್‌ಗೆ ಹಾರಿದರೆ ಆ ಮಾಲೀಕರ ಅನುಮತಿ ಇಲ್ಲದೆ ನೀವು ಬೇಲಿ ದಾಟುವಂತಿಲ್ಲ. ಆದ್ದರಿಂದ ಬೇಲಿ ಹತ್ತಿರ ಕೂರಲೇಬೇಡಿ, ಪಕ್ಕದವರ ಫೋನ್ ನಂಬರ್ ಮೊದಲೇ ಇಟ್ಟುಕೊಳ್ಳಿ.

ಅಭ್ಯಾಸಕ್ಕೆ ಒಂದು ಪರೀಕ್ಷೆ ಹೇಳುತ್ತೇನೆ. ದಿನಕ್ಕೆ ಒಂದೇ ಬಾಣ. ಆಫೀಸಿಂದ ಬಂದು, ಕೈ ಬಿಸಿ ಮಾಡಿಕೊಳ್ಳದೆ, ಬೇಟೆಯ ಅಂಗಿ ಹಾಕಿಕೊಂಡು ಬಿಡಿ. ಕಾಡಿನಲ್ಲಿ ಸಿಗುವುದು ಆ ಮೊದಲ ಬಾಣ ಮಾತ್ರ. ಒಂದು ತಿಂಗಳು ಅದು ತಪ್ಪದೆ ಸಣ್ಣ ತಟ್ಟೆಯೊಳಗೆ ಬೀಳುವ ದೂರ ಎಷ್ಟೋ, ನಿಮ್ಮ ದೂರ ಅಷ್ಟೇ. ಹನ್ನೆರಡು ಗಜ ಅಂತ ಬಂದರೆ ಹನ್ನೆರಡು ಗಜ.

ಇನ್ನೊಂದು ದಾರಿಯೂ ಇದೆ, ಹಾಸನದವರಾದ ನಿಮಗೆ ಅದು ಹಿಡಿಸಬಹುದು. ನಮ್ಮ ಬಂಡೀಪುರ, ನಾಗರಹೊಳೆಯಲ್ಲಿ ಕಾಣುವ ಅದೇ ಚುಕ್ಕೆ ಜಿಂಕೆ ಹಿಲ್ ಕಂಟ್ರಿಯಲ್ಲೂ ಇದೆ. 1932ರಲ್ಲಿ ಇಲ್ಲಿಗೆ ತಂದರು, ಬೇಲಿ ದಾಟಿ ಕಾಡು ಸೇರಿತು. ಇಲ್ಲಿ ಆಕ್ಸಿಸ್ ಅನ್ನುತ್ತಾರೆ. ಎಲೆ ಮುಗಿದರೆ ಹುಲ್ಲು ಮೇದು ಬದುಕುತ್ತದೆ, ವೈಟ್‌ಟೇಲ್‌ಗೆ ಆ ಶಕ್ತಿ ಇಲ್ಲ. ಹಾಗಾಗಿ ಮೇವಿನ ಪೈಪೋಟಿಯಲ್ಲಿ ಇಲ್ಲಿನ ಮೂಲದ ವೈಟ್‌ಟೇಲೇ ಸೋಲುತ್ತದೆ. ಚಳಿ ಮಾತ್ರ ತಡೆಯದು, 2021ರ ಫೆಬ್ರವರಿಯ ಹಿಮಗಾಳಿಯಲ್ಲಿ ತುಂಬಾ ಸತ್ತವು. ಹೊರಗಿನ ಪ್ರಾಣಿ ಅಂತ ಸರ್ಕಾರ ಅದಕ್ಕೆ ಬೇಟೆಯ ಕಾಲವನ್ನೂ ಮಿತಿಯನ್ನೂ ಇಟ್ಟಿಲ್ಲ. ಲೈಸೆನ್ಸ್ ಮತ್ತು ಜಮೀನು ಮಾಲೀಕರ ಒಪ್ಪಿಗೆ ಇದ್ದರೆ ವರ್ಷವಿಡೀ ಹೊಡೆಯಬಹುದು.

ಹುಲಿ, ಚಿರತೆ, ಸೀಳುನಾಯಿಗಳ ನಡುವೆ ರೂಪುಗೊಂಡ ಪ್ರಾಣಿ ಇದು. ದೊಡ್ಡ ಹಿಂಡು, ಹತ್ತಾರು ಕಣ್ಣು. ಸಫಾರಿಯಲ್ಲಿ ಅದರ ಎಚ್ಚರಿಕೆಯ ಕೂಗು ಕೇಳಿರುತ್ತೀರಿ, ಹುಲಿ ಬಂತು ಅಂತ ಗೈಡ್ ಪಿಸುಗುಟ್ಟುವುದು ಆಗಲೇ. ಇಲ್ಲಿ ಆ ಕೂಗು ನಿಮ್ಮನ್ನು ನೋಡಿ ಬರುತ್ತದೆ. ಟೈಮರ್ ನೋಡಿಕೊಂಡು ಬರುವ ಅಭ್ಯಾಸ ವೈಟ್‌ಟೇಲ್‌ಗಿಂತ ಇದಕ್ಕೆ ಕಡಿಮೆ, ತಿರುಗುತ್ತಲೇ ಇರುತ್ತದೆ. ನಡೆದು ಹತ್ತಿರ ಹೋಗುವ ಬೇಟೆಗೆ ಇದಕ್ಕಿಂತ ಕಠಿಣ ಗುರು ಹಿಲ್ ಕಂಟ್ರಿಯಲ್ಲಿ ಇಲ್ಲ. ಬಿಲ್ಲಿನ ಸದ್ದಿಗೆ ಮೈ ಕುಗ್ಗಿಸುವುದರಲ್ಲೂ ವೈಟ್‌ಟೇಲ್‌ಗಿಂತ ಚುರುಕು, ಹಾಗಾಗಿ ರೈಫಲ್ಲೇ ಸರಿ. ಬೇಸಿಗೆಯಲ್ಲಿ ಹೊಡೆದರೆ ತಕ್ಷಣ ಚರ್ಮ ಸುಲಿದು ಐಸ್‌ಗೆ ಹಾಕಿ, ಆ ಬಿಸಿಲಿಗೆ ಮಾಂಸ ಬೇಗ ಕೆಡುತ್ತದೆ. ಕೊಂಬನ್ನು ಊರಿಗೆ ತರುವ ಯೋಚನೆ ಮಾತ್ರ ಬೇಡ. 1972ರ ವನ್ಯಜೀವಿ ಕಾಯ್ದೆ ಇರುವ ನಾಡಿನಲ್ಲಿ ಚುಕ್ಕೆ ಜಿಂಕೆಯ ಕೊಂಬು ಬ್ಯಾಗಿನಲ್ಲಿ ಸಿಕ್ಕರೆ ಟೆಕ್ಸಾಸ್ ಕಥೆ ಕೇಳುವವರು ಯಾರು?

ಮಾಂಸ ಕತ್ತರಿಸುವುದನ್ನು ನೀವೇ ಕಲಿಯಿರಿ, ಪ್ರೊಸೆಸರ್ ಅಂಗಡಿಗೆ ಕೊಡಬೇಡಿ. ಗುಂಡು ಎಲ್ಲಿ ಹೊಕ್ಕಿತು, ಎಲ್ಲಿಂದ ಹೊರಬಂತು, ಎಷ್ಟು ಮಾಂಸ ಹಾಳಾಯಿತು ಅಂತ ಆಗಲೇ ಕಾಣುವುದು. ದವಡೆಯ ಹಲ್ಲಿನ ಸವೆತ ನೋಡಿ ವಯಸ್ಸೂ ಅಂದಾಜು ಮಾಡಬಹುದು. ಆ ಹಳೆಯ ಹೆಣ್ಣಿನ ವಯಸ್ಸು ನೀವು ಅಂದುಕೊಂಡಷ್ಟೇ ಇತ್ತೇ ಅಂತ ಆಗ ಗೊತ್ತಾಗುತ್ತದೆ. ಕೊಬ್ಬನ್ನು ಪೂರ್ತಿ ತೆಗೆಯಿರಿ, ಬಾಯಿಗೆ ಮೇಣದ ಹಾಗೆ ಅಂಟುತ್ತದೆ. ಮುಂಗಾಲಿನ ಮಾಂಸವನ್ನು ಕೊಡಗಿನವರ ರೀತಿ ಕರಿಮೆಣಸು, ಕಾಚಂಪುಳಿ (ಕೊಡಗಿನ ಕಪ್ಪು ಹುಳಿ) ಹಾಕಿ ಸಣ್ಣ ಉರಿಯಲ್ಲಿ ಬೇಯಿಸಿ ನೋಡಿ. ಜಾಸ್ತಿಯಾದದ್ದನ್ನು ಹಂಟರ್ಸ್ ಫಾರ್ ದಿ ಹಂಗ್ರಿ ಕಾರ್ಯಕ್ರಮಕ್ಕೆ ಕೊಟ್ಟರೆ ಹಸಿದವರಿಗೆ ತಲುಪುತ್ತದೆ.

ಕೇಳದಿದ್ದರೂ ಹೇಳಲೇಬೇಕಾದದ್ದು ಒಂದಿದೆ. ನೀವು ಎಚ್-1ಬಿ ಅನ್ನುವ ತಾತ್ಕಾಲಿಕ ಕೆಲಸದ ವೀಸಾದಲ್ಲಿದ್ದರೆ ಫೆಡರಲ್ ಕಾನೂನು ಸಾಮಾನ್ಯವಾಗಿ ಬಂದೂಕು ಇಟ್ಟುಕೊಳ್ಳಲು ಬಿಡುವುದಿಲ್ಲ. ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇದ್ದವರಿಗೆ ವಿನಾಯಿತಿ ಇದೆ. ಟೆಕ್ಸಾಸ್ ಲೈಸೆನ್ಸ್ ಆಗಸ್ಟ್ 31ಕ್ಕೆ ಮುಗಿಯುತ್ತದೆ. ಬೇಟೆ ನವೆಂಬರ್‌ಗೆ ತಾನೇ ಅಂತ ಸುಮ್ನೆ ಬಿಟ್ಟರೆ, ನಡುವಿನ ತಿಂಗಳುಗಳಲ್ಲಿ ಮನೆಯ ಕಪಾಟಿನಲ್ಲಿರುವ ರೈಫಲ್ಲೇ ನಿಮಗೆ ಮುಳುವಾಗಬಹುದು. ಸೆಪ್ಟೆಂಬರ್ 1ರೊಳಗೆ ಹೊಸದು ತೆಗೆದುಕೊಳ್ಳಿ, ವಲಸೆ ವಕೀಲರನ್ನೂ ಒಮ್ಮೆ ಕೇಳಿ.